ಅಪ್‌ಡೇಟ್ ಮುಗಿಯುವವರೆಗೆ ಪ್ಲಗ್ ಮುಟ್ಟಬೇಡ

ಡಿಕ್ಸನ್,

ನಾನು ಡ್ಯೂಟಿಗೆ ಹೊರಟೆ, ಎರಡು ಗಂಟೆಗೆ ಬರ್ತೇನೆ. ಲ್ಯಾಪ್‌ಟಾಪ್ ಅಪ್‌ಡೇಟ್ ಆಗ್ತಾ ಉಂಟು. ಮೂವತ್ತು ಪರ್ಸೆಂಟಿನಲ್ಲೇ ನಿಂತ ಹಾಗೆ ಕಾಣ್ತದೆ, ನಿಂತದ್ದಲ್ಲ. ಅದರ ಬ್ಯಾಟರಿ ಹೋಗಿದೆ, ಪ್ಲಗ್ ತೆಗೆದರೆ ಅಲ್ಲಿಗೇ ಮುಗೀತು.

ವಯರ್ ಕಳಚಿ ಹಾಕಿದ ಕೂಡಲೇ ಸ್ಟಾರ್ಟ್ ಆಗಲಿಕ್ಕೆ ಇದು ಟುಬ್ಲಿಯ ನಿನ್ನ ಗ್ಯಾರೇಜಿನ ಕಾರಲ್ಲ ಮಾರಾಯಾ. ಅಲ್ಲಿಗೆ ಕೊಂಡೋಗಿ ಕಂಪ್ರೆಸರ್ ಗಾಳಿಯೂ ಹೊಡೀಬೇಡ. ಹೋದ ಸಲ ಕೀಬೋರ್ಡಿನಿಂದ ಹಾರಿದ ಎರಡು ಕೀ ಇನ್ನೂ ಸಿಕ್ಕಿಲ್ಲ.

ಮೀನಿನ ಗಸಿ ಫ್ರಿಜ್ಜಿನಲ್ಲುಂಟು, ಬಿಸಿ ಮಾಡಿ ಉಣ್ಣು.

ಮೂರು ಗಂಟೆಗೆ ಇದೇ ಲ್ಯಾಪ್‌ಟಾಪಿನಲ್ಲಿ ಐರ್ಲೆಂಡಿನ ಆಸ್ಪತ್ರೆಯವರ ಇಂಟರ್‌ವ್ಯೂ. ವಾರ್ಡಿನಲ್ಲಿದ್ದರೂ ನನ್ನ ಜೀವ ಆ ಪ್ಲಗ್ಗಿನಲ್ಲೇ ಇರ್ತದೆ. ಹೋದ ತಿಂಗಳ ಇಂಟರ್‌ವ್ಯೂ ದಿನವೂ ಅದು ಕಳಚಿತ್ತು. "ಗೊತ್ತಾಗಲಿಲ್ಲ" ಅಂದೆ ನೀನು, ನಾನೂ ನಂಬಿದೆ.

ನಾನು ಹೋಗುವುದು ನಿನಗೆ ಇಷ್ಟ ಇಲ್ಲದಿದ್ದರೆ ಬಾಯಿ ಬಿಟ್ಟು ಹೇಳು. ಪ್ಲಗ್ ಎಳೀಬೇಡ.

ನೆಲ್ಲಿ