ನಲವತ್ತೆರಡು ಇಂಚಿನ ನಳಿಗೆ

ಅಕ್ಟೋಬರ್ 9

ಮತ್ತೆ ಮಸಿ. ಬೆಳಿಗ್ಗೆಯಿಂದ ಇದೇ — ದೀಪದ ಮೇಲೆ ಕೋವಿಯ ನಳಿಗೆ ಹಿಡಿ, ಕಪ್ಪಾಗಿಸು, ಮರದ ಹಿಡಿಯಲ್ಲಿ ತೋಡಿದ ಕಾಲುವೆಗೆ ಒತ್ತು, ಎತ್ತು. ಕಪ್ಪು ಅಂಟಿದ ಕಡೆ ಮಾತ್ರ ಕೂದಲೆಳೆಯಷ್ಟು ಕೆರೆ. ಮತ್ತೆ ಒತ್ತು. ಮೂವತ್ತು ಸಲವಾದರೂ ಆಗಿರಬೇಕು.

ಕಿಟ್ ತರಿಸಿದ್ದು ನನ್ನ ಗಂಡ ಎಲ್‌ವುಡ್. ಬಾಯಿಂದ ಮದ್ದು ತುಂಬಿ ಚಕಮಕಿ ಕಲ್ಲಿನ ಕಿಡಿಯಿಂದ ಹಾರಿಸುವ ಹಳೇ ಕಾಲದ ಕೋವಿ, ಬಿಡಿಬಿಡಿಯಾಗಿ ಒಂದು ಪೆಟ್ಟಿಗೆಯಲ್ಲಿ. ಮೊದಲ ದಿನವೇ ಉಳಿ ಅವನ ಕೈಯಲ್ಲಿ ಕುಣಿಯಿತು. ನಡುಕದ ಕಾಯಿಲೆ ಶುರುವಾಗಿ ಎರಡು ವರ್ಷ. ಉಳಿಯನ್ನು ನನ್ನ ಕಡೆ ತಳ್ಳಿದ.

"ನೀ ಹಿಡ್ಕೋ. ನಾ ಹೇಳ್ಕೊಡ್ತೀನಿ."

"ಆಮೇಲೆ ಮಾಡಿದ್ದು ಯಾರು ಅಂತೀಯ?"

"ಇಬ್ರೂ ಕಣೇ. ನಳಿಗೆ ಮೇಲೆ ಇಬ್ರ ಹೆಸರೂ ಕೊರೆಯೋಣ."

ಮಾಡಿದವರ ಹೆಸರು ನಳಿಗೆಯ ಮೇಲೆ ಇರಬೇಕು. ಕೋವಿ ಮಾಡುವವರ ವಾಡಿಕೆ ಅದು. ನಲವತ್ತು ವರ್ಷದ ಸಂಸಾರ, ನನ್ನ ಹೆಸರು ಯಾವುದರ ಮೇಲೂ ಇಲ್ಲ — ಮನೆ, ಟ್ರಕ್, ಬಾಗಿಲ ಅಂಚೆಪೆಟ್ಟಿಗೆ ಕೂಡ. ಆಸೆಯಾಯಿತು. ಸುಳ್ಳೇಕೆ.

ಅಕ್ಟೋಬರ್ 27

ನಳಿಗೆ ಕಾಲುವೆಯಲ್ಲಿ ಕೂತಿತು. ಕಾಗದ ತೂರದಷ್ಟು ಬಿಗಿ. ತೋರಿಸಲು ಹೋದರೆ, "ಆಯ್ತಾ, ಸರಿ" ಅಂದ. ಕಣ್ಣು ಟಿ.ವಿ. ಮೇಲೆ. ಹೇಳಿಕೊಡುವುದು ನಿಂತು ಎರಡು ವಾರ.

ನವೆಂಬರ್ 11

ಚರ್ಚಿನಲ್ಲಿ ಊಟ. ಗಸ್ ಬಂದಿದ್ದ. ಕೋವಿ ಕ್ಲಬ್ಬಿಗೆ ಅವನೇ ಹಿರಿಯ, ಐವತ್ತು ವರ್ಷದಿಂದ ಕೋವಿ ಮಾಡುವವನು. ಎಲ್‌ವುಡ್ ಅವನ ಎದುರು ಕೊಚ್ಚಿದ್ದೇ ಕೊಚ್ಚಿದ್ದು. ಕಿಡಿ ಹೊಡೆಯುವ ಕುದುರೆ ಕೂರಿಸಿದನಂತೆ, ಹಿಡಿ ಉಜ್ಜಿದನಂತೆ...

"ಮತ್ತೆ ವರ್ನಾ ಏನ್ ಮಾಡ್ತಾಳಪ್ಪ?" ಯಾರೋ ನನ್ನನ್ನು ತೋರಿಸಿ ಕೇಳಿದರು.

"ಮರದ ಹೊಟ್ಟು ಗುಡಿಸ್ತಾಳೆ," ಅಂದ ಎಲ್‌ವುಡ್.

ಮೇಜಿಗೆ ಮೇಜೇ ನಕ್ಕಿತು. ಗಸ್ ನಗಲಿಲ್ಲ. ಆಲೂಗಡ್ಡೆ ಬಟ್ಟಲು ದಾಟಿಸುವಾಗ ನನ್ನ ಉಗುರು ನೋಡಿದ. ಸೋಪಿಗೆಲ್ಲ ಬಿಡುವ ಮಸಿಯಲ್ಲ ಅದು.

"ಏನಮ್ಮಾ, ಒಲೆ ಕೆರೆದ್ಯಾ?"

"ಹ್ಞೂಂ. ಒಲೆ."

ಯಾಕೆ ಹಾಗೆಂದೆನೋ. ನನ್ನ ನಾಲಿಗೆ ಸೇದಿಹೋಗ.

ಡಿಸೆಂಬರ್ 24, ಸಂಜೆ 5

ಬಣ್ಣ ಬರಲೆಂದು ಕೋವಿಯ ಹಿಡಿಗೆ ಆಸಿಡ್ ಬಳಿದು ಬಿಸಿ ತೋರಿಸಿದೆ. ಹಸಿರಾಯಿತು, ಕಂದಾಯಿತು, ಆಮೇಲೆ ಮೇಪಲ್ ಮರದ ಪಟ್ಟೆಗಳು ಎದ್ದು ಬಂದವು, ಬೆಕ್ಕಿನ ಬಾಲದ ಹಾಗೆ. ಅಳು ಬಂತು. ನನ್ನ ಕೈಯಲ್ಲಿ ಇಂಥದ್ದು ಎಂದೂ ಆಗಿರಲಿಲ್ಲ.

ಉಳಿದದ್ದು ಹೆಸರು ಕೊರೆಯುವುದು. ಎಲ್‌ವುಡ್ ಚೀಟಿ ತಂದಿಟ್ಟ. ಅದರಲ್ಲಿ ಒಂದೇ ಹೆಸರು.

"ನಂದು ಸಾಕು ಕಣೇ. ಎರಡಕ್ಕೆ ಜಾಗ ಎಲ್ಲಿದೆ?"

ನಲವತ್ತೆರಡು ಇಂಚಿನ ನಳಿಗೆ. ಜಾಗ ಇಲ್ಲವಂತೆ.

"ಕೊಟ್ಟ ಮಾತು?"

"ಕ್ಲಬ್ಬಲ್ಲಿ ಆಡ್ಕೊಳ್ತಾರೆ." ಆಮೇಲೆ, ನೆಲ ನೋಡುತ್ತಾ — "ನಂಗಿನ್ನೇನು ಉಳಿದಿದೆ ಹೇಳು."

ಸಿಟ್ಟು ನೆತ್ತಿಗೇರಿತ್ತು, ಪಾಪ ಅಂತಲೂ ಅನ್ನಿಸಿತು. ಕೊರೆದೆ. ಇಂಗ್ಲಿಷಿನಲ್ಲಿ ಆರು ಅಕ್ಷರದ ಹೆಸರು. ಐದು ಮುಗಿಸಿ ಉಳಿ ಕೆಳಗಿಟ್ಟೆ.

"ಕೊನೇದು ನೀನೇ ಕೊರಿ. ನಿನ್ನ ಕೋವಿ ಅಲ್ವಾ."

ಡಿಸೆಂಬರ್ 25

ಹಬ್ಬ. ಬೆಳಿಗ್ಗೆ ಶೆಡ್ಡಿನಿಂದ ಕಿರ್ರೆಂದು ಒಂದು ಸದ್ದು. ಹೋಗಿ ನೋಡಲಿಲ್ಲ. ಹ್ಯಾಮ್ ಸ್ವಲ್ಪ ಒಣಗಿತ್ತು.

ಡಿಸೆಂಬರ್ 26

ಇವತ್ತಿಂದ ಪೆನ್ಸಿಲ್ವೇನಿಯಾದಲ್ಲಿ ಚಕಮಕಿ ಕೋವಿಯ ಬೇಟೆ. ಬೆಳಗಾಗುತ್ತಲೇ ಎಲ್ಲರೂ ಕ್ಲಬ್ಬಿನ ಅಂಗಳದಲ್ಲಿ. ಹೊಸ ಕೋವಿ ಕೈಯಿಂದ ಕೈಗೆ ಹೋಗಿ ಗಸ್ ಹತ್ತಿರ ಬಂತು. ಹಿಡಿ ಸವರಿದ. ನಳಿಗೆ ಮರಕ್ಕೆ ಕೂತ ಸಂದಿನಲ್ಲಿ ಉಗುರು ಆಡಿಸಿದ. ಆಮೇಲೆ ಹೆಸರಿನ ಮೇಲೆ ಹೆಬ್ಬೆರಳು. ಐದು ಅಕ್ಷರ ನೇರ. ಆರನೆಯದರಲ್ಲಿ ಉಳಿ ಜಾರಿದೆ — ಗೇಣುದ್ದ ಗೀರು. ನಾನೂ ಆಗಲೇ ನೋಡಿದ್ದು. ಹೆಬ್ಬೆರಳು ಅಲ್ಲೇ ನಿಂತಿತು.

"ಈ ಗೀರೊಂದೇ ನಿಂದು ಕಣೋ, ಎಲ್‌ವುಡ್. ಮಿಕ್ಕಿದ್ದೆಲ್ಲ ವರ್ನಾಂದು."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಎಲ್‌ವುಡ್ ಎರಡೂ ಕೈ ಕೋಟಿನ ಜೇಬಿಗೆ ತುರುಕಿದ. ಕಾಡಿಗೆ ಹೋಗಲಿಲ್ಲ. ಟ್ರಕ್ ನಾನೇ ಓಡಿಸಿದೆ.

ಮೂರು ತಿಂಗಳು ಕಾದಿದ್ದ ಮಾತು. ಕೊನೆಗೂ ಕಿವಿಗೆ ಬಿತ್ತು. ಬಾಯೆಲ್ಲ ಕಹಿ.

ಅದೇ ದಿನ, ಬೆಳಿಗ್ಗೆ 9.40

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅವನು ಬಾಗಿಲ ಹತ್ತಿರ ನಿಂತೇ ಇದ್ದಾನೆ, ಕೋಟು ಬಿಚ್ಚಲು ಹೆಣಗುತ್ತಾ. ದಿನಾ ಗುಂಡಿ ಬಿಚ್ಚಿಕೊಡುವವಳು ನಾನು. ಕರೆಯುತ್ತಿಲ್ಲ. ನಾನೂ ಏಳುತ್ತಿಲ್ಲ. ಮೊದಲ ಗುಂಡಿ ಹೇಗೋ ಬಿಚ್ಚಿಕೊಂಡಿತು. ಎರಡನೆಯದರಲ್ಲೇ ಇನ್ನೂ ಬೆರಳು —