ಕಾಲರಿನ ಒಳಗಿನ ಗುರುತು

ಮಾರ್ಚ್ ೩, ಬೆಳಗ್ಗೆ
ನಲವತ್ತು ಕಾಲರಿಗೆ ಗುರುತು ಹಾಕಿದೆ. ಅಳಿಸದ ಇಂಕು, ಮನೆಗೊಂದು ಚಿಹ್ನೆ. ಯಾವುದು ಯಾರದು ಅನ್ನುವುದೆಲ್ಲ ನಮ್ಮ ಲಾಂಡ್ರಿಯ ಪುಸ್ತಕದಲ್ಲಿದೆ. ಪಕ್ಕದ ಬೀದಿಯ ಟೀಚರಮ್ಮನದು ಮೂರು ಚುಕ್ಕಿ.

ಒಗೆಯುವ ಪರದೆ ತರಲು ಆಸ್ಪತ್ರೆಯ ಪ್ರಾರ್ಥನಾ ಕೋಣೆಗೆ ಹೋಗಿದ್ದೆ. ಗೋಡೆಯ ಮೇಲೆ ಆರು ಧರ್ಮದ ಆರು ಬೋರ್ಡು. ಓದಿದರೆ ಎಲ್ಲ ಒಂದೇ — ನಿನಗೆ ನೋವಾಗುವಂಥದ್ದನ್ನು ಇನ್ನೊಬ್ಬರಿಗೆ ಮಾಡಬೇಡ.
"ಒಂದೇ ಮಾತಿಗೆ ಆರು ಬೋರ್ಡಾ ಸಿಸ್ಟರ್?" ಅಂದೆ.
"ಒಂದ್ಸಲ ಹೇಳಿದ್ರೆ ಯಾರ್ರೀ ಕೇಳ್ತಾರೆ?" ಅಂದರು. ಇಬ್ಬರೂ ನಕ್ಕೆವು.

ಮಾರ್ಚ್ ೯
ಐದು ದಿನ ಬರೆಯಲಿಲ್ಲ. ಊರಲ್ಲಿ ಗಲಭೆ. ಟೀಚರಮ್ಮನ ಧರ್ಮದವರ ಎರಡು ಮನೆಗೆ ಬೆಂಕಿ ಇಟ್ಟಿದ್ದಾರೆ. ಈಗ ಯಾರ ಬಾಗಿಲಲ್ಲೂ ಹೆಸರಿನ ಹಲಗೆ ಇಲ್ಲ. ಕಿತ್ತಿಟ್ಟಿದ್ದಾರೆ.

ಮಧ್ಯಾಹ್ನ ಮೈದುನ ಬಂದ, ಜೊತೆಗಿಬ್ಬರು.
"ಅತ್ತಿಗೆ, ಗುರುತಿನ ಪುಸ್ತಕ ಬೇಕು. ಯಾವ ಮನೇಲಿ ಯಾರಿದಾರೆ ಅಂತ ನೋಡ್ಬೇಕು."
"ಯಾಕಪ್ಪಾ?"
"ನಿಮಗ್ಯಾಕೆ ಅದು? ನಾಳೆ ಹತ್ತಕ್ಕೆ ಬರ್ತೀವಿ."
ನಾನೇ ತಲೆ ಬಾಚಿ ಶಾಲೆಗೆ ಕಳಿಸಿದವನು...

"ಕೊಟ್ಟು ಕೈ ತೊಳ್ಕೊಳ್ಳೇ. ಊರ ಉಸಾಬರಿ ನಮಗ್ಯಾಕೆ?" ಅಂದರು ಯಜಮಾನರು. ನನಗೂ ಹಾಗೇ ಅನ್ನಿಸಿತು. ಹೆದರುಪುಕ್ಕಲಿ ನಾನು.

ಮಾರ್ಚ್ ೧೦, ಬೆಳಗ್ಗೆ ೯
ಕೊಡಲೆಂದೇ ಪುಸ್ತಕ ತೆಗೆದೆ. ಟೀಚರಮ್ಮನ ಪುಟ ಬಂತು. ಆ ಜಾಗದಲ್ಲಿ ನನ್ನ ಹೆಸರಿದ್ದು, ಪುಸ್ತಕ ಟೀಚರಮ್ಮನ ಕೈಯಲ್ಲಿ ಇದ್ದಿದ್ದರೆ? ಬಾಯ್ಲರ್ ಒಲೆಗೆ ಹಾಕಿಬಿಟ್ಟೆ. ಹಾಳಾದ ಆರು ಬೋರ್ಡು! ಬರೆದರೆ ಸ್ವಲ್ಪ ಧೈರ್ಯ ಬರುತ್ತದೆ.

೯.೩೦
ಅಯ್ಯೋ ದೇವರೇ. ಇಸ್ತ್ರಿಯಾದ ಗಂಟುಗಳು! ಒಂದೊಂದಕ್ಕೂ ಹೆಸರು, ಮನೆ ನಂಬರಿನ ಚೀಟಿ ನಾನೇ ಪಿನ್ ಮಾಡಿದ್ದು. ದಿನದ ಅಭ್ಯಾಸ. ಪುಸ್ತಕ ಸುಟ್ಟ ಜಾಣೆಗೆ ಶೆಲ್ಫು ಕಾಣಲಿಲ್ಲ.

೯.೪೫
ಕೊಡು ಅಂದಿದ್ದ ಯಜಮಾನರೇ ಈಗ ಚೀಟಿ ಕೀಳುತ್ತಿದ್ದಾರೆ. ಚೀಟಿಯಿಲ್ಲದ ಗಂಟು ಕಂಡರೆ ಮೈದುನ ಬಿಡುವುದಿಲ್ಲ. ಅವನೂ ಇಲ್ಲೇ ದುಡಿದವನು, ಚೀಟಿ ಇರಲೇಬೇಕು ಅಂತ ಗೊತ್ತು. ಬೇರೆ ಯಾರ ಹೆಸರು ಬರೆದರೂ ಅವರ ಮನೆಗೆ ನುಗ್ಗಿಯಾರು. ಎಲ್ಲದಕ್ಕೂ ನಮ್ಮದೇ ಹೆಸರು, ನಮ್ಮದೇ ನಂಬರು ಬರೆಯುತ್ತಿದ್ದೇನೆ. ಖಾಲಿ ಚೀಟಿ ಮುಗಿದವು. ಈ ಡೈರಿಯ ಹಾಳೆಗಳನ್ನೇ ಹರಿಯುತ್ತಿದ್ದೇನೆ.

೯.೫೫
ಹೊರಗೆ ಬೈಕು ನಿಂತಿತು. "ಅತ್ತಿಗೆ" ಅಂತ ಕೂಗುತ್ತಿದ್ದಾನೆ. ಟೀಚರಮ್ಮನ ಗಂಟೊಂದು ಉಳಿದಿದೆ. ಬೇರೆ ಹಾಳೆ ಇಲ್ಲ, ಇದನ್ನೇ