ಒಂದು ಗೇಣು ಬೀದಿ

ಪಕ್ಕದ ಮನೆಯ ಒಕುನೊ ಅವರಿಗೆ,

ನಿಮ್ಮ ವಸತಿಗೃಹಕ್ಕೆ ಜನ ಚೆನ್ನಾಗಿ ಬರುತ್ತಿದ್ದಾರೆ, ಸಂತೋಷ. ಬಾಗಿಲಿಗೆ ನೀವು ಅಂಟಿಸಿರುವ ದೊಡ್ಡ ಚಿತ್ರವನ್ನು ನಿನ್ನೆ ನೋಡಿದೆ. ‘ಸಾವಿರ ವರ್ಷದ ರಾಜಧಾನಿ ಕ್ಯೋಟೊ: ದೇವಾಲಯಗಳು, ತೋಟಗಳು, ಉಡುಗೊರೆ ಹಿಡಿದು ಹೊರಟ ಗೃಹಿಣಿ’ ಎಂದು ಬರೆಸಿದ್ದೀರಿ. ಆ ಗೃಹಿಣಿ ನಾನು.

ಆ ಕಪ್ಪು ಕಿಮೋನೊ ಉಟ್ಟಿದ್ದು ನಮ್ಮ ಯಜಮಾನರ ಅಂತ್ಯಕ್ರಿಯೆಯ ದಿನ. ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದು ಅವರ ಅಸ್ಥಿಯ ಪೆಟ್ಟಿಗೆ. ಫೋಟೊ ತೆಗೆದ ನಿಮ್ಮ ಅತಿಥಿ ಪರದೇಶದವನು, ಅವನಿಗೇನು ಗೊತ್ತು? ಆದರೆ ನೀವು ನನ್ನ ಹಿಂದೆಯೇ ನಡೆದು ಬರುತ್ತಿದ್ದಿರಿ. ಚಿತ್ರದ ಅಂಚಿನಲ್ಲಿ ನಿಮ್ಮ ಕಪ್ಪು ತೋಳು ಮಾತ್ರ ಉಳಿದಿದೆ. ಮಿಕ್ಕ ನಿಮ್ಮನ್ನು ನೀವೇ ಕತ್ತರಿಸಿ ತೆಗೆದಿದ್ದೀರಿ.

ಒಳಗೆ ಬಂದು ಕೇಳಿದರೆ ನಕ್ಕಿರಿ. “ಬಿಡಿ ಅಕ್ಕಾ, ಬರೋರೆಲ್ಲ ಹೊರಗಿನವರು, ಯಾರಿಗೆ ಗೊತ್ತಾಗುತ್ತೆ? ಎಷ್ಟು ಲಕ್ಷಣವಾಗಿ ಕಾಣ್ತಿದೀರಿ ನೋಡಿ!” ಎಂದಿರಿ. ನೀವು ಕೊಟ್ಟ ಚಹಾ ಒಂದು ಗುಟುಕು ಕುಡಿದಿದ್ದೆ. ಮನೆಗೆ ಬಂದು ಬಾಯಿ ಮುಕ್ಕಳಿಸಿದೆ.

ಚಿತ್ರ ತೆಗೆಯಿರಿ ಎಂದು ಎರಡನೇ ಸಲ ಕೇಳುವುದಿಲ್ಲ. ಬೆಳಿಗ್ಗೆ ಬೀದಿ ಗುಡಿಸುವಾಗ, ಈ ಕೇರಿಯ ಎಲ್ಲರಂತೆ, ನಾವೂ ಮೂವತ್ತು ವರ್ಷ ನೆರೆಯ ಸ್ನೇಹಕ್ಕೆಂದು ಒಬ್ಬರ ಬಾಗಿಲ ಕಡೆಗೆ ಇನ್ನೊಬ್ಬರು ಒಂದು ಗೇಣು ಹೆಚ್ಚೇ ಗುಡಿಸುತ್ತಾ ಬಂದೆವು. ನಾಳೆಯಿಂದ ನನ್ನ ಪೊರಕೆ ನನ್ನ ಗಡಿಯಲ್ಲೇ ನಿಲ್ಲುತ್ತದೆ. ನಿಮ್ಮದೂ ದಯವಿಟ್ಟು ನಿಮ್ಮ ಗಡಿಯಲ್ಲೇ ನಿಲ್ಲಲಿ. ಎರಡು ಪೊರಕೆಗಳ ನಡುವೆ ಉಳಿಯುವ ಎಲೆಗಳ ಗೆರೆಯನ್ನು ಕೇರಿಯವರು ನೋಡುತ್ತಾರೆ.

ಅವರ್ಯಾರೂ ಹೊರಗಿನವರಲ್ಲ.

ಇತಿ,
ಇಮಾನಿಶಿ ಫುಸಾಕೊ